9 ವರ್ಷ ಯಾರೂ ಮುಟ್ಟದ ಕೋಡ್: ಕ್ವಿಕ್‌ಟೈಮ್ ಪ್ಲಗ್‌ಇನ್‌ನಲ್ಲಿ ಸಿಕ್ಕ ತೂತು

[ಸ್ಕ್ರೀನ್ ಮೇಲೆ: ಹಳೆಯ ವಿಂಡೋಸ್ ಡೆಸ್ಕ್‌ಟಾಪ್, ನೀಲಿ ಕ್ಯೂ ಐಕಾನ್]

ನಮಸ್ಕಾರ. ಈ ಐಕಾನ್ ನೆನಪಿದೆಯಾ? ಆಪಲ್‌ನ ಕ್ವಿಕ್‌ಟೈಮ್ ಪ್ಲೇಯರ್. ಬೇಕು ಅಂತ ಹಾಕಿಕೊಂಡವರು ಕಡಿಮೆ. ಐಪಾಡ್‌ಗೆ ಹಾಡು ತುಂಬಿಸೋಣ ಅಂತ ವಿಂಡೋಸ್‌ನಲ್ಲಿ ಐಟ್ಯೂನ್ಸ್ ಹಾಕಿದರೆ, ಇದೂ ಜೊತೆಗೇ ಬರುತ್ತಿತ್ತು. ಇದರ ಜೊತೆಗೆ ಒಂದು ಬ್ರೌಸರ್ ಪ್ಲಗ್‌ಇನ್.

ಪ್ಲಗ್‌ಇನ್ ಯಾಕೆ? ಆಗ ಬಳಕೆಯಲ್ಲಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಸ್ವಂತವಾಗಿ ವಿಡಿಯೋ ಓಡಿಸಲು ಬರುತ್ತಿರಲಿಲ್ಲ. ಆ ಕೆಲಸ ಪ್ಲಗ್‌ಇನ್‌ನದು. ವಿಡಿಯೋ ಎಲ್ಲಿದೆ, ತಾನಾಗಿ ಶುರುವಾಗಬೇಕಾ, ಬಟನ್‌ಗಳು ಕಾಣಬೇಕಾ ಅನ್ನೋದನ್ನೆಲ್ಲ ವೆಬ್ ಪುಟವೇ ಅದಕ್ಕೆ ಪ್ಯಾರಾಮೀಟರ್‌ಗಳ ಮೂಲಕ ಹೇಳುತ್ತಿತ್ತು. ಆ ಪ್ಯಾರಾಮೀಟರ್‌ಗಳನ್ನು ಬರೆಯೋದು ಯಾರು? ಪುಟ ಮಾಡಿದವನು. ಅವನು ಕಳ್ಳನೂ ಆಗಿರಬಹುದು, ಅಲ್ವಾ?

[ಸ್ಕ್ರೀನ್ ಮೇಲೆ: ಆಗಸ್ಟ್ 30, 2010]

ಈ ದಿನ ಸ್ಪೇನ್‌ನ ಭದ್ರತಾ ಸಂಶೋಧಕ ರೂಬೆನ್ ಸಾಂತಾಮಾರ್ತಾ ಒಂದು ವಿಚಿತ್ರ ಪ್ಯಾರಾಮೀಟರ್ ಬಗ್ಗೆ ಬರೆದರು. ಹೆಸರು 'ಮಾರ್ಷಲ್ಡ್ ಪಿ-ಅಂಕ್'. ಇದಕ್ಕೆ ಪುಟ ಒಂದು ಸಂಖ್ಯೆ ಕೊಟ್ಟರೆ, ಪ್ಲಗ್‌ಇನ್ ಅದನ್ನು ಪಾಯಿಂಟರ್ ಅಂತಲೇ ನಂಬುತ್ತಿತ್ತು.

ಪಾಯಿಂಟರ್ ಅಂದರೆ ವಿಳಾಸ ಬರೆದ ಚೀಟಿ ಇದ್ದ ಹಾಗೆ. ಮೆಮೊರಿಯಲ್ಲಿ ಇಂಥ ಜಾಗಕ್ಕೆ ಹೋಗು, ಅಲ್ಲಿ ನಿನಗೆ ಬೇಕಾದ್ದು ಇದೆ ಅಂತ ಅದು ಹೇಳುತ್ತೆ. ಪ್ರೋಗ್ರಾಮ್ ಒಳಗಿನ ಇಂಥ ಚೀಟಿಯನ್ನು ಹೊರಗಿನವರ ಕೈಗೆ ಕೊಡೋದಿಲ್ಲ. ಇಲ್ಲಿ ಮಾತ್ರ ಅಪರಿಚಿತ ಪುಟ ಬರೆದುಕೊಟ್ಟ ಚೀಟಿಯನ್ನು ಪ್ಲಗ್‌ಇನ್ ಒಂದು ಮಾತೂ ಕೇಳದೆ ವಿಂಡೋಸ್‌ಗೆ ದಾಟಿಸುತ್ತಿತ್ತು. ವಿಂಡೋಸ್ ಆ ಜಾಗದಲ್ಲಿ ಕಂಡ ಫಂಕ್ಷನ್ ಅನ್ನು ಓಡಿಸುತ್ತಿತ್ತು. ಪುಟ ತೆರೆದರೆ ಸಾಕು, ನಿಮ್ಮ ಕಂಪ್ಯೂಟರ್‌ನಲ್ಲಿ ಬೇರೆಯವರ ಕೋಡ್.

ಈ ಪ್ಯಾರಾಮೀಟರ್ ಬಂದದ್ದಾದರೂ ಎಲ್ಲಿಂದ? ಸಾಂತಾಮಾರ್ತಾ 2001ರ ಹಳೆಯ ಆವೃತ್ತಿಯನ್ನು ಬಿಚ್ಚಿ ನೋಡಿದರು. ಆಗ ಇದಕ್ಕೆ ನಿಜವಾದ ಕೆಲಸ ಇತ್ತು: ಹೊಸ ವಿಂಡೋ ತೆರೆಯೋ ಬದಲು, ಆಗಲೇ ಇರೋ ವಿಂಡೋದಲ್ಲೇ ವಿಡಿಯೋ ತೋರಿಸೋದು. ಆಮೇಲೆ ಆ ಸೌಲಭ್ಯವನ್ನು ಕಿತ್ತು ಹಾಕಿದರು. ಪ್ಯಾರಾಮೀಟರ್ ಓದೋ ಸಾಲುಗಳನ್ನು ಮಾತ್ರ ಮರೆತರು. 9 ವರ್ಷ ಅವು ಹಾಗೇ ಉಳಿದವು. ಸಾಂತಾಮಾರ್ತಾ ಇದನ್ನು 'ಬ್ಯಾಕ್‌ಡೋರ್', ಅಂದರೆ ಕದ್ದು ಒಳಗೆ ಬರೋಕೆ ಇಟ್ಟ ಹಿಂಬಾಗಿಲು, ಅಂತ ಕರೆದರು. ಬೇಕಂತಲೇ ಇಟ್ಟದ್ದು ಅಂತ ನನಗೇನೂ ಅನ್ನಿಸುವುದಿಲ್ಲ. ಇದು ಶುದ್ಧ ಮರೆವು.

[ಸ್ಕ್ರೀನ್ ಮೇಲೆ: ವಿಂಡೋಸ್ 7ರ ಎರಡು ಕಾವಲು]

ವಿಂಡೋಸ್ 7ರಲ್ಲಿ ಇಂಥದ್ದನ್ನು ತಡೆಯೋಕೆ ಎರಡು ಕಾವಲು ಇದ್ದವು. ಡಿಇಪಿ: ಡೇಟಾ ಇರೋ ಜಾಗದಿಂದ ಕೋಡ್ ಓಡಬಾರದು. ಎಎಸ್‌ಎಲ್‌ಆರ್: ಮೆಮೊರಿಯಲ್ಲಿ ಯಾವುದು ಎಲ್ಲಿದೆ ಅಂತ ಊಹಿಸೋಕೆ ಆಗಬಾರದು. ಆದರೆ ಎಎಸ್‌ಎಲ್‌ಆರ್ ಪೂರ್ತಿ ಕೆಲಸ ಮಾಡಬೇಕಾದರೆ, ಬ್ರೌಸರ್ ಒಳಗೆ ಬರುವ ಪ್ರತಿ ಫೈಲೂ ಅದಕ್ಕೆ ಒಪ್ಪಿಕೊಳ್ಳಬೇಕು. ಮೈಕ್ರೋಸಾಫ್ಟ್‌ನದೇ ಚಾಟ್ ಪ್ರೋಗ್ರಾಮ್ ವಿಂಡೋಸ್ ಲೈವ್ ಮೆಸೆಂಜರ್ ಜೊತೆ ಬರುತ್ತಿದ್ದ ಒಂದು ಡಿಎಲ್‌ಎಲ್, ಅಂದರೆ ಪ್ರೋಗ್ರಾಮ್‌ಗಳು ಬಳಸೋ ಕೋಡ್ ಫೈಲ್, ಒಪ್ಪಿಕೊಂಡಿರಲಿಲ್ಲ. ಅದು ಯಾವಾಗಲೂ ಒಂದೇ ಜಾಗದಲ್ಲಿ ಕೂತಿರುತ್ತಿತ್ತು. ಸಾಂತಾಮಾರ್ತಾ ಅದರೊಳಗಿನ ಚೂರುಪಾರು ಕೋಡನ್ನೇ ಆರಿಸಿ, ಜೋಡಿಸಿ, ಎರಡೂ ಕಾವಲು ದಾಟಿ ತೋರಿಸಿದರು. ಈ ತಂತ್ರಕ್ಕೆ ಆರ್‌ಒಪಿ ಅನ್ನುತ್ತಾರೆ. ಅಂದರೆ ತೂತು ಆಪಲ್‌ನದು, ಅದರಿಂದ ಒಳಗೆ ಬಂದವನಿಗೆ ದಾರಿ ಕೊಟ್ಟ ಫೈಲ್ ಮೈಕ್ರೋಸಾಫ್ಟ್‌ನದು!

ಈ ತೂತನ್ನು ಬಳಸುವ ಸಿದ್ಧ ಕೋಡ್ ಬೇಗನೇ ಮೆಟಾಸ್ಪ್ಲಾಯಿಟ್‌ಗೂ, ಅಂದರೆ ಭದ್ರತೆ ಪರೀಕ್ಷಿಸೋಕೆ ಯಾರು ಬೇಕಾದರೂ ಬಳಸಬಹುದಾದ ದಾಳಿ ಸಲಕರಣೆಗೂ, ಸೇರಿತು. ಸೆಪ್ಟೆಂಬರ್ 15ಕ್ಕೆ ಆಪಲ್ 7.6.8 ಆವೃತ್ತಿ ಬಿಟ್ಟಿತು. ರಿಪೇರಿ ಏನು ಗೊತ್ತಾ? ಆ ಪ್ಯಾರಾಮೀಟರ್ ಕಂಡರೆ ಸುಮ್ನೆ ಬಿಟ್ಟುಬಿಡು, ಅಷ್ಟೇ. ಮ್ಯಾಕ್‌ಗೆ ಈ ತೊಂದರೆ ಇರಲೇ ಇಲ್ಲ.

2016ರ ಜನವರಿಯಲ್ಲಿ ಬಂದ 7.7.9 ಆವೃತ್ತಿ ವಿಂಡೋಸ್‌ನಿಂದ ಈ ಪ್ಲಗ್‌ಇನ್ ಅನ್ನೇ ತೆಗೆದುಹಾಕಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಭದ್ರತಾ ಕಂಪನಿ ಟ್ರೆಂಡ್ ಮೈಕ್ರೋ, ವಿಂಡೋಸ್‌ನ ಕ್ವಿಕ್‌ಟೈಮ್‌ನಲ್ಲಿ ಇನ್ನೆರಡು ತೂತು ಇವೆ ಅಂತ ಪ್ರಕಟಿಸಿತು. ಆಪಲ್ ಇನ್ನು ರಿಪೇರಿ ಮಾಡೋದಿಲ್ಲ, ತೆಗೆದುಬಿಡಿ ಅಂತ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ತಂಡ ಯುಎಸ್-ಸರ್ಟ್ ಎಚ್ಚರಿಸಿತು.

[ಸ್ಕ್ರೀನ್ ಮೇಲೆ: ಕಂಟ್ರೋಲ್ ಪ್ಯಾನಲ್, ಪ್ರೋಗ್ರಾಮ್‌ಗಳ ಪಟ್ಟಿ]

ಮನೆಯಲ್ಲೋ ಅಂಗಡಿಯಲ್ಲೋ ಹಳೆಯ ವಿಂಡೋಸ್ ಪಿಸಿ ಇನ್ನೂ ಓಡುತ್ತಿದ್ದರೆ, ಕಂಟ್ರೋಲ್ ಪ್ಯಾನಲ್‌ಗೆ ಹೋಗಿ. ಪ್ರೋಗ್ರಾಮ್‌ಗಳ ಪಟ್ಟಿಯಲ್ಲಿ ಕ್ವಿಕ್‌ಟೈಮ್ 7 ಕಂಡರೆ ಅನ್‌ಇನ್‌ಸ್ಟಾಲ್ ಮಾಡಿ. ಕ್ವಿಕ್‌ಟೈಮ್‌ನ ಹಳೆಯ ಎಂಒವಿ ವಿಡಿಯೋ ಫೈಲ್‌ಗಳು ಏನಾಗುತ್ತವೆ ಅಂತ ಚಿಂತೆ ಬೇಡ, ವಿಎಲ್‌ಸಿ ಪ್ಲೇಯರ್‌ನಲ್ಲಿ ಸಾಮಾನ್ಯವಾಗಿ ತೆರೆಯುತ್ತವೆ.