ರೇಸ್ ಕಾರಿನ ಟ್ಯಾಂಕಿಗೆ ಎಥನಾಲೋ, ರೇಸ್ ಪೆಟ್ರೋಲೋ?

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ.

ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ದುಡಿಯುವವರು, ಚಾಕಣದಿಂದ ಪಾಳಿ ಮುಗಿಸಿ ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಬೆಳಗಾವಿ, ಬಾಗಲಕೋಟೆ ಕಡೆಯವರಿಗಂತೂ ಕಬ್ಬು, ಕಾಕಂಬಿ, ಎಥನಾಲ್ ಎಲ್ಲವೂ ಮನೆಯ ಮಾತು. ಹಾಗಾಗಿ ‘ರೇಸ್‌ಗೆ ಎಥನಾಲೇ ಒಳ್ಳೆಯದಲ್ಲವೇ ಸರ್?’ ಎಂದು ಹುಡುಗರು ಕೇಳುವಾಗ ಅದರಲ್ಲಿ ಕಬ್ಬಿನ ಅಭಿಮಾನವೂ ಸ್ವಲ್ಪ ಬೆರೆತಿರುತ್ತದೆ. ಅಭಿಮಾನ ಇರಲಿ, ಎಂಜಿನ್ ಅದಕ್ಕೆ ಸೊಪ್ಪು ಹಾಕುವುದಿಲ್ಲ.

ಸಂಘಟಕರೇ ಇಂಧನ ಕೊಡುವ ಸ್ಪರ್ಧೆಗಳಲ್ಲಿ ಈ ಪ್ರಶ್ನೆಯೇ ಹುಟ್ಟದು. ಕೊಟ್ಟದ್ದನ್ನು ತುಂಬಿಸಿಕೊಂಡು ಓಡಿಸಬೇಕು, ಅಷ್ಟೆ. ನನ್ನ ಮಾತು ಸ್ವಂತ ಕಾರನ್ನು ತಾವೇ ಸಿದ್ಧಪಡಿಸಿ ಟ್ರ್ಯಾಕ್‌ಗೆ ಇಳಿಸುವವರಿಗೆ.

ಎಥನಾಲ್‌ನಲ್ಲಿ ‘ಶಕ್ತಿ ಕಡಿಮೆ’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಒಂದು ಕಿಲೋ ಪೆಟ್ರೋಲ್ ಉರಿದರೆ ಸುಮಾರು 43 ಮೆಗಾಜೂಲ್ ಶಾಖ, ಒಂದು ಕಿಲೋ ಎಥನಾಲ್‌ನಿಂದ ಸುಮಾರು 27. ಲೆಕ್ಕ ಸರಿಯಾಗಿದೆ, ತೀರ್ಮಾನ ಮಾತ್ರ ತಪ್ಪು. ಎಂಜಿನ್‌ಗೆ ಇಂಧನವನ್ನು ಎಷ್ಟು ಬೇಕಾದರೂ ಸುರಿಯಬಹುದು, ಗಾಳಿಯನ್ನು ಹಾಗೆ ತುಂಬಲಾಗದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಕಿಲೋ ಸಾಕು. ಈಗ ಭಾಗಿಸಿ ನೋಡಿ: ಒಂದು ಕಿಲೋ ಗಾಳಿಗೆ ಎರಡೂ ಇಂಧನಗಳು ಕೊಡುವುದು ಹೆಚ್ಚುಕಡಿಮೆ 3 ಮೆಗಾಜೂಲ್. ಅಂದರೆ ಸೆಣಸಾಟ ಇಲ್ಲಿಗೆ ಸರಿಸಮ.

ವ್ಯತ್ಯಾಸ ಬರುವುದು ತಂಪಿನಲ್ಲಿ. ಇಂಜೆಕ್ಷನ್ ಕೊಡುವ ಮುನ್ನ ನರ್ಸ್ ಸ್ಪಿರಿಟ್ ಒರೆಸಿದಾಗ ತೋಳು ತಣ್ಣಗಾಗುತ್ತದಲ್ಲ, ಅದೇ ಕೆಲಸ ಇಲ್ಲಿಯೂ ನಡೆಯುತ್ತದೆ. ಆವಿಯಾಗುವಾಗ ಒಂದು ಕಿಲೋ ಎಥನಾಲ್ ಸುಮಾರು 900 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ, ಪೆಟ್ರೋಲ್ ಸುಮಾರು 350. ಅದೇ ಗಾಳಿಗೆ ಎಥನಾಲ್ ಒಂದೂವರೆ ಪಟ್ಟಿಗೂ ಹೆಚ್ಚು ಬೇಕಾಗುವುದರಿಂದ ಒಟ್ಟು ತಂಪು ನಾಲ್ಕು ಪಟ್ಟಿನಷ್ಟಾಗುತ್ತದೆ. ಜೊತೆಗೆ ಅದರ ಆಕ್ಟೇನ್ ಸಂಖ್ಯೆ, ಅಂದರೆ ಇಂಧನ ತಾನಾಗಿಯೇ ಸಿಡಿದು ಎಂಜಿನ್ ಬಡಿದುಕೊಳ್ಳುವ ‘ನಾಕಿಂಗ್’ ಅನ್ನು ತಡೆಯುವ ತಾಕತ್ತಿನ ಅಳತೆ, 108ರ ಆಸುಪಾಸು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಎಂಜಿನ್‌ಗೆ ಇದಕ್ಕಿಂತ ದೊಡ್ಡ ವರ ಬೇರೊಂದಿಲ್ಲ. ನಾಕಿಂಗ್‌ನ ಭಯವಿಲ್ಲದೆ ಆ ಗಾಳಿಯ ಒತ್ತಡವನ್ನು (ಬೂಸ್ಟ್) ಏರಿಸಬಹುದು, ಕಿಡಿಯನ್ನು ಮುಂಚಿತವಾಗಿ ಹಾರಿಸಬಹುದು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನ ಬಿಸಿಲಿನಲ್ಲಿ, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೈಚೆಲ್ಲಿದ ಮೇಲೂ ಇದು ನಿಮ್ಮ ಬೆನ್ನಿಗೆ ನಿಲ್ಲುತ್ತದೆ. ಟರ್ಬೊ ಇಲ್ಲದ, ಕಂಪ್ರೆಷನ್ ಕಡಿಮೆಯಿರುವ ಎಂಜಿನ್‌ನಲ್ಲಿ ಇದೇ ಗುಣ ಬಹುಪಾಲು ವ್ಯರ್ಥ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಶೇ. 85ರಷ್ಟು ಎಥನಾಲ್ ಇರುವ ಇ85 ಬಳಸಿದರೆ ಶೇ. 30ರಿಂದ 40ರಷ್ಟು ಹೆಚ್ಚು ಇಂಧನ ಬೇಕು. 40 ಲೀಟರ್ ಪೆಟ್ರೋಲ್‌ನಲ್ಲಿ ಮುಗಿಯುವ ರೇಸ್‌ಗೆ 55 ಲೀಟರ್ ಹೊತ್ತು ಹೊರಡಬೇಕು, ಮೊದಲ ಸುತ್ತಿನಲ್ಲೇ ಸುಮಾರು 13 ಕಿಲೋ ಹೆಚ್ಚು ಭಾರ. ಇಂಧನ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ದೊಡ್ಡ ಪಂಪ್, ಎಥನಾಲ್ ತಾಳುವ ಕೊಳವೆಗಳು, ಇಂಧನ ಮತ್ತು ಕಿಡಿಯ ಲೆಕ್ಕ ನೋಡಿಕೊಳ್ಳುವ ಎಂಜಿನ್ ಕಂಪ್ಯೂಟರಿಗೆ (ಇಸಿಯು) ಹೊಸ ಲೆಕ್ಕಪಟ್ಟಿ, ಅಂದರೆ ಮ್ಯಾಪ್, ಎಲ್ಲವೂ ಬೇಕು. ಆಂಬಿ ವ್ಯಾಲಿಯ ರನ್‌ವೇಯಲ್ಲಿ ನಡೆದಂಥ, ನೇರ ದಾರಿಯಲ್ಲಿ ಚಿಟಿಕೆಯಲ್ಲಿ ಮುಗಿಯುವ ಡ್ರ್ಯಾಗ್ ಓಟಕ್ಕೆ ಈ ಭಾರ ಲೆಕ್ಕಕ್ಕೇ ಬಾರದು. ದೀರ್ಘ ಓಟದಲ್ಲಿ ಇಂಧನಕ್ಕಾಗಿ ನಿಲ್ಲುವ ಪಿಟ್ ನಿಲುಗಡೆಗಳ ಲೆಕ್ಕವೇ ಬದಲಾಗುತ್ತದೆ.

ಅಮೆರಿಕದ ಇಂಡಿಕಾರ್ ಸ್ಪರ್ಧೆಗಳು ಮೆಥನಾಲ್ ಬಿಟ್ಟು 2007ರಲ್ಲಿ ಎಥನಾಲ್‌ಗೆ ಬಂದವು, 2012ರಲ್ಲಿ ಇ85ಗೆ. ಅಲ್ಲಿನದೇ ಇನ್ನೊಂದು ಕಾರ್ ರೇಸ್ ಸರಣಿ ನಾಸ್ಕಾರ್ 2011ರಲ್ಲಿ ಶೇ. 15 ಎಥನಾಲ್ ಮಿಶ್ರಣಕ್ಕೆ, ಫಾರ್ಮುಲಾ ಒನ್ 2022ರಲ್ಲಿ ಶೇ. 10ರ ಮಿಶ್ರಣಕ್ಕೆ ಬಂದವು. ಮೆಥನಾಲ್‌ನ ಜ್ವಾಲೆ ಹಗಲಿನಲ್ಲಿ ಕಾಣುವುದೇ ಇಲ್ಲ, ಶುದ್ಧ ಎಥನಾಲ್‌ನದ್ದೂ ಮಂಕು. ಇ85ರಲ್ಲಿ ಎಥನಾಲ್‌ಗೆ ಬೆರೆಸಿದ ಪೆಟ್ರೋಲ್‌ನಿಂದ ಬೆಂಕಿ ಕಣ್ಣಿಗೆ ಕಾಣುತ್ತದೆ, ಬೆಳಗಿನ ಚಳಿಯಲ್ಲಿ ಎಂಜಿನ್ ಸುಲಭವಾಗಿ ಚಾಲೂ ಆಗುತ್ತದೆ.

ಇನ್ನು ರೇಸ್ ಪೆಟ್ರೋಲ್, ಅಂದರೆ ಸ್ಪರ್ಧೆಗೆಂದೇ ತಯಾರಿಸಿದ ಪೆಟ್ರೋಲ್. ಅದರ ದೊಡ್ಡ ಗುಣ ಶಕ್ತಿಯಲ್ಲ, ನಂಬಿಕೆ. ಈ ಡ್ರಮ್‌ನಲ್ಲಿ ಇದ್ದದ್ದೇ ಮುಂದಿನ ಡ್ರಮ್‌ನಲ್ಲೂ ಇರುತ್ತದೆ, ಮ್ಯಾಪ್ ಮತ್ತೆ ಮತ್ತೆ ತಿದ್ದಬೇಕಿಲ್ಲ. ಸೀಸ ಬೆರೆಸಿದ ಬಗೆ ಮಾತ್ರ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಮತ್ತು ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಳನ್ನು ಕೊಲ್ಲುತ್ತದೆ. ಇಲ್ಲಿ ಒಂದು ಭ್ರಮೆಯನ್ನೂ ಹೇಳಿಬಿಡುತ್ತೇನೆ. ಆಕ್ಟೇನ್ ಎಂದರೆ ನಾಕಿಂಗ್ ತಡೆಯುವ ತಾಕತ್ತು, ಇಂಧನದೊಳಗಿನ ಶಕ್ತಿಯಲ್ಲ. 2020ರ ಡಿಸೆಂಬರ್‌ನಿಂದ ಪುಣೆಯ ಕೆಲವು ಬಂಕ್‌ಗಳಲ್ಲಿ 100 ಆಕ್ಟೇನ್ ಪೆಟ್ರೋಲ್ ಸಿಗುತ್ತಿದೆ. ಅದನ್ನು ಆಫೀಸಿಗೆ ಹೋಗುವ ಬೈಕಿಗೆ ತುಂಬಿಸಿ ‘ಪಿಕಪ್ ಹೆಚ್ಚಾಯಿತು’ ಎನ್ನುವವರಿಗೆ ಹೆಚ್ಚಾಗಿರುವುದು ಖರ್ಚು ಮಾತ್ರ.

ನನ್ನ ಅಭಿಪ್ರಾಯ ಕೇಳಿದರೆ: ಟರ್ಬೊ ಕಾರು, ಚಿಕ್ಕ ಓಟ, ಕೈಯಲ್ಲಿ ಮ್ಯಾಪ್ ತಿದ್ದಬಲ್ಲ ಒಳ್ಳೆಯ ಟ್ಯೂನರ್ ಇದ್ದರೆ ಎಥನಾಲ್, ಹಿಂದೆಮುಂದೆ ನೋಡಬೇಡಿ. ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕ್‌ಗೆ ಹೋಗಿ, ಉಳಿದ ಕಾಲ ಕಾರನ್ನು ಹೊದಿಕೆಯಡಿ ನಿಲ್ಲಿಸುವವರಿಗೆ ಸೀಸವಿಲ್ಲದ ರೇಸ್ ಪೆಟ್ರೋಲ್.

ಏಕೆಂದರೆ ಎಥನಾಲ್ ನೀರು ಕುಡಿಯುತ್ತದೆ, ನಮ್ಮಲ್ಲಿ ಮಳೆಗಾಲ ನಾಲ್ಕು ತಿಂಗಳು. ವಿಚಿತ್ರವೆಂದರೆ, ಇ85 ಸಾಕಷ್ಟು ನೀರನ್ನು ತನ್ನೊಳಗೇ ಕರಗಿಸಿಕೊಳ್ಳುತ್ತದೆ. ಬೇಗ ಕೈಕೊಡುವುದು ಕಡಿಮೆ ಎಥನಾಲ್ ಇರುವ ಮಿಶ್ರಣ. ನೀರು ಮಿತಿ ಮೀರಿದರೆ ಎಥನಾಲ್ ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಮೇಲೆ ಉಳಿದ ಪೆಟ್ರೋಲ್‌ನ ಆಕ್ಟೇನ್ ಕುಸಿಯುತ್ತದೆ.

ಈ ಗುಣವನ್ನೇ ಪರೀಕ್ಷೆಗೆ ಬಳಸಬಹುದು. ಅಳತೆಯ ಕೊಳವೆಗೆ 10 ಮಿಲಿಲೀಟರ್ ನೀರು, 90 ಮಿಲಿಲೀಟರ್ ಬಂಕ್ ಪೆಟ್ರೋಲ್ ಹಾಕಿ, ಕುಲುಕಿ, ನಿಲ್ಲಲು ಬಿಡಿ. ಇಂದಿನ ಇ20 (ಶೇ. 20 ಎಥನಾಲ್) ಆಗಿದ್ದರೆ ಕೆಳಗಿನ ಪದರ 28 ಮಿಲಿಲೀಟರ್ ಹತ್ತಿರಕ್ಕೆ ಏರಿರುತ್ತದೆ, ಏರಿದ 18 ಎಥನಾಲ್. ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಿ. ಇ85 ತಾವೇ ಬೆರೆಸುವವರು ಬಂಕ್ ಪೆಟ್ರೋಲ್‌ನಲ್ಲಿ ಮೊದಲೇ ಇರುವ ಎಥನಾಲನ್ನು ಹೀಗೆ ಅಳೆದು, ಆಮೇಲೆ ಪ್ರಮಾಣ ನಿರ್ಧರಿಸಬೇಕು. 2024ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ, ಕರ್ನಾಟಕ ಸೇರಿ ಐದು ರಾಜ್ಯಗಳ ಆಯ್ದ ಬಂಕ್‌ಗಳಿಗೆ ಬಂದ ‘ಎಥನಾಲ್ 100’ ಕೂಡ ಹೆಸರಿನಷ್ಟು ಶುದ್ಧವಲ್ಲ, ಅದರಲ್ಲೂ ಸ್ವಲ್ಪ ಪೆಟ್ರೋಲ್ ಇದೆ.

ಎಥನಾಲ್ ಓಡಿಸಿದವರು ಕಾರನ್ನು ನಿಲ್ಲಿಸಿಡುವ ಮುನ್ನ ಟ್ಯಾಂಕ್ ಬರಿದುಮಾಡಿ, ಎಥನಾಲ್ ಬೆರೆಯದ ಪೆಟ್ರೋಲ್‌ನಲ್ಲಿ, ಅದಕ್ಕೆ ತಕ್ಕ ಮ್ಯಾಪ್ ಹಾಕಿ, ಎಂಜಿನ್ ಅನ್ನು ಸ್ವಲ್ಪ ಹೊತ್ತು ಓಡಿಸಿ ಇಂಜೆಕ್ಟರ್‌ಗಳನ್ನು ತೊಳೆಯಿರಿ. ಎಂಜಿನ್ ಆಯಿಲ್ ನೀರು ಬೆರೆತು ಹಾಲಿನಂತೆ ಬೆಳ್ಳಗಾಗಿದ್ದರೆ ಆಗಲೇ ಬದಲಿಸಿ. ಇನ್ನು ಪ್ರಶ್ನೆಗಳಿದ್ದರೆ ಕೇಳಿ.