ಮೇವು ತರುವ ನೀರು, ಉಸಿರು ಕಟ್ಟಿಸುವ ನೀರು

ಕೇಳುಗರಿಗೆ ನಮಸ್ಕಾರ.

ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಮಲ್ಪೆ, ಮಂಗಳೂರು ಬಂದರುಗಳಿಂದ ಬೋಟುಗಳು ಕಡಲಿಗಿಳಿಯುತ್ತವೆ. ಒಬ್ಬರಿಗೆ ಬಂಗುಡೆ ತುಂಬಿ ಬಂದ ವಾರವೇ, ಕಡಲತಳದಲ್ಲಿ ಬಲೆ ಎಳೆದ ಇನ್ನೊಬ್ಬರ ಬಲೆ ಖಾಲಿ ಬರುವುದುಂಟು. ಇದು ಬರೀ ಅದೃಷ್ಟದ ಮಾತಲ್ಲ.

ಮಳೆಗಾಲದ ಗಾಳಿ, ದಕ್ಷಿಣಕ್ಕೆ ಹರಿಯುವ ಪ್ರವಾಹ ಎರಡೂ ಸೇರಿ ಮೇಲ್ಪದರದ ನೀರನ್ನು ದಡದಿಂದ ಆಚೆ ಸರಿಸುತ್ತವೆ. ಆ ಜಾಗಕ್ಕೆ ಆಳದ ತಣ್ಣೀರು ಏರುತ್ತದೆ. ಕೇರಳದ ದಕ್ಷಿಣದಲ್ಲಿ ಮೊದಲು ಕಾಣುವ ಈ ಏರಿಕೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನಮ್ಮಲ್ಲಿ ಜೋರಾಗುತ್ತದೆ. ಮೇಲೆ 27-28 ಡಿಗ್ರಿ ಇದ್ದರೆ ಕೆಳಗೆ 22ರ ಆಸುಪಾಸು. ಈ ನೀರಿನಲ್ಲಿ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ಧಾರಾಳ. ಆಮ್ಲಜನಕ ಮಾತ್ರ ತೀರಾ ಕಡಿಮೆ. ಸಾಲದ್ದಕ್ಕೆ ನೇತ್ರಾವತಿ, ಶರಾವತಿ, ಕಾಳಿಯ ಸಿಹಿನೀರೂ ಮಳೆನೀರೂ ಅದರ ಮೇಲೆ ಮುಚ್ಚಳದ ಹಾಗೆ ಕೂರುತ್ತವೆ. ಗಾಳಿಯ ಆಮ್ಲಜನಕ ಕೆಳಗಿಳಿಯಲು ದಾರಿಯಿಲ್ಲ. ತಳಕ್ಕೆ ಬಿದ್ದು ಕೊಳೆಯುವ ಪಾಚಿ ಇದ್ದುದನ್ನೂ ಮುಗಿಸುತ್ತದೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಾದರೆ ತಳದ ಹೆಚ್ಚಿನ ಮೀನು ನಿಲ್ಲುವುದಿಲ್ಲ. ತಳದ ಚಪ್ಪಟೆ ಮೀನು ನಂಗು, ಸಿಗಡಿ ದಡದತ್ತ ಬಂದು ನಾಡದೋಣಿಯವರಿಗೆ ಸಿಗುವುದು ಇಂಥ ದಿನಗಳಲ್ಲೇ.

ಮೇಲ್ಪದರದಲ್ಲಿ ಸುಗ್ಗಿ. ಸೂಕ್ಷ್ಮ ಪಾಚಿ, ಅದರಲ್ಲೂ ಡಯಾಟಮ್ ಎಂಬ ಒಂದೇ ಕೋಶದ ಪಾಚಿ, ಹುಲುಸಾಗಿ ಬೆಳೆಯುತ್ತದೆ. ಬೂತಾಯಿಯ, ಅಂದರೆ ಸಾರ್ಡೀನ್ ಮೀನಿನ, ಕಿವಿರಿನ ಒಳಗೆ ಹತ್ತಿರ ಹತ್ತಿರವಿರುವ ಸಣ್ಣ ಹಲ್ಲುಗಳು ಈ ಪಾಚಿಯನ್ನೇ ಸೋಸುತ್ತವೆ. ಬಂಗುಡೆ ಪಾಚಿಯ ಜೊತೆಗೆ ಅದನ್ನು ಮೇಯುವ ಸಣ್ಣ ಜೀವಿಗಳನ್ನೂ ಹಿಡಿಯುತ್ತದೆ. ಹಾಗಾಗಿ ಎರಡೂ ಒಂದೇ ಕಡಲಲ್ಲಿ ಬಾಳುತ್ತವೆ, ಪೈಪೋಟಿ ಇಲ್ಲವೆಂದಲ್ಲ. ಇವುಗಳ ಬೆನ್ನಿಗೇ ಇವನ್ನು ತಿನ್ನುವ ಅಂಜಲ್, ಟ್ಯೂನಾ ಜಾತಿಯ ಕೇದರ್, ರಿಬ್ಬನ್ನಿನಂಥ ಪಾಂಬೋಲ್. ಪಾಂಬೋಲಂತೂ ತನ್ನ ಮರಿಗಳನ್ನೇ ತಿನ್ನುವ ಜಾತಿ.

ಲೆಕ್ಕ ತಪ್ಪಿಸುವುದು ನಾಕ್ಟಿಲೂಕ, ರಾತ್ರಿ ಅಲೆಯಲ್ಲಿ ಮಿನುಗುವ ಸೂಕ್ಷ್ಮಜೀವಿ. ಅದು ಡಯಾಟಮನ್ನೂ ಮೀನಿನ ಮೊಟ್ಟೆಯನ್ನೂ ನುಂಗುತ್ತದೆ, ಅಮೋನಿಯಾ ಬಿಡುತ್ತದೆ. ಅದು ಹೆಚ್ಚಿ ನೀರು ಕೆಂಪಾದ ಕಡೆ ಬೂತಾಯಿ, ಬಂಗುಡೆ ನಿಲ್ಲುವುದು ಅಪರೂಪ. ಅಲ್ಲಿ ಬಲೆ ಬಿಟ್ಟರೆ ಡೀಸೆಲ್ ದಂಡ.

ಬೂತಾಯಿ ಹೆಚ್ಚೆಂದರೆ ಎರಡು, ಎರಡೂವರೆ ವರ್ಷ ಬದುಕುವ ಮೀನು. ಮಳೆಗಾಲದ ಒಂದೆರಡು ಸಂತಾನ ಕೆಟ್ಟರೂ ಮೀನಿನ ಇಳುವರಿ ಕುಸಿಯುತ್ತದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದದ್ದು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಶಾಂತಸಾಗರ ಬಿಸಿಯಾಗಿ ಹವೆ ಬದಲಿಸುವ ಎಲ್ ನಿನೊ, ಮರಿಮೀನು ಹಿಡಿದದ್ದು, ಎರಡರ ಪಾಲೂ ಇದರಲ್ಲಿದೆ.

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಮೀನು ಸಿಗುವ ಜಾಗದ ಸೂಚನೆ ಉಪಯುಕ್ತವೇ. ಆದರೆ ಉಪಗ್ರಹಕ್ಕೆ ಕಾಣುವುದು ಮೇಲ್ಮೈಯ ಉಷ್ಣತೆ, ಪಾಚಿಯ ಬಣ್ಣ. ಮೋಡ ಕವಿದರೆ ಅದೂ ಇಲ್ಲ. ಬಂಗುಡೆ ಹಿಡಿಯುವವರಿಗೆ ಅಷ್ಟು ಸಾಕಾದೀತು. ತಳ ಎಳೆಯುವವರು ಸೀಸ ಕಟ್ಟಿದ ಬಾಟಲಿಯ ಬಿರಡೆಗೆ ಬೇರೆ ದಾರ ಕಟ್ಟಿ ತಳದ ಹತ್ತಿರ ಇಳಿಸಿ, ಅಲ್ಲಿ ಬಿರಡೆ ಕೀಳಬೇಕು. ತುಂಬಿದ ಮೇಲೆ ಬೇಗ ಎಳೆದು ಥರ್ಮಾಮೀಟರ್ ಅದ್ದಬೇಕು. ತಡವಾದರೆ ನೀರು ಬಿಸಿಯಾಗಿ ಅಳತೆ ಸುಳ್ಳಾಗುತ್ತದೆ. ಮೇಲಿಗಿಂತ ನಾಲ್ಕೈದು ಡಿಗ್ರಿ ತಣ್ಣಗಿದ್ದರೆ ಏರಿಬಂದ ನೀರು ಅಲ್ಲಿದೆಯೆಂದು ಶಂಕಿಸಿ, ಪೂರ್ತಿ ಎಳೆತಕ್ಕೆ ಮೊದಲು ಅರ್ಧ ಗಂಟೆ ಎಳೆದು ನೋಡುವುದು ಮೇಲು.