ಮೈಸೂರಿನ ಯೆಜ್ಡಿಗೆ ಇಂಗ್ಲೆಂಡಿನ ನಂಬರು

ನೀವು ಈಗ ನೋಡುತ್ತಿರುವ ಈ ಮರದ ಪೆಟ್ಟಿಗೆ ಚೆನ್ನೈ ಬಂದರಿನಲ್ಲಿ ಹಡಗು ಹತ್ತಿ, ಫೆಲಿಕ್ಸ್‌ಸ್ಟೋ ಬಂದರಿನಲ್ಲಿ ಇಳಿದು, ಲಾರಿಯ ಮೇಲೆ ಕವೆಂಟ್ರಿಯ ನಮ್ಮ ಮನೆಯ ಗ್ಯಾರೇಜಿಗೆ ಬಂದು ಸೇರಿದೆ. ಇದರ ಒಳಗಿರುವುದು ನನ್ನ ದೊಡ್ಡಪ್ಪನವರು 1974ರಲ್ಲಿ ಮೈಸೂರಿನಲ್ಲಿ ಕೊಂಡ ಯೆಜ್ಡಿ 250 ಮೋಟಾರ್ ಸೈಕಲ್. ಗಾಡಿಯನ್ನು ಬಿಚ್ಚಿ, ತೊಳೆದು, ಹೊಳೆಯಿಸಿದ ಕಥೆಯನ್ನು ಬೇರೆ ವಿಡಿಯೊದಲ್ಲಿ ಹೇಳುತ್ತೇನೆ. ಇಂದು ಹೇಳಬೇಕೆಂದಿರುವುದು, ಈ ಗಾಡಿಗೆ ಬ್ರಿಟನ್ನಿನ ರಸ್ತೆಯ ಮೇಲೆ ಕಾನೂನಿನ ಪ್ರಕಾರ ಓಡುವ ಹಕ್ಕು ಹೇಗೆ ದೊರೆಯಿತು ಎಂಬುದನ್ನು.

ಐಡಿಯಲ್ ಜಾವಾ ಕಾರ್ಖಾನೆಯನ್ನು ಮೈಸೂರಿನಲ್ಲಿ 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಮೊದಲ ವರ್ಷಗಳಲ್ಲಿ ಜೆಕ್ ಕಂಪನಿಯ ಪರವಾನಗಿಯಿಂದ ಜಾವಾ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದ ಗಾಡಿಗಳು 1973ರಿಂದೀಚೆಗೆ ಯೆಜ್ಡಿಯಾದವು. 1996ರಲ್ಲಿ ಉತ್ಪಾದನೆ ನಿಂತಿತು. ಆದ್ದರಿಂದ ದೊಡ್ಡಪ್ಪನವರ ಗಾಡಿ ಯೆಜ್ಡಿಯೆಂಬ ಹೆಸರು ಹೊತ್ತ ತೀರಾ ಮೊದಲ ಗಾಡಿಗಳ ಪೈಕಿ ಒಂದು. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು. ಗಾಡಿ ಕೊಂಡ ದಿನದಿಂದ ಒಂದು ಸಣ್ಣ ಡೈರಿಯಲ್ಲಿ ಟೈರು ಬದಲಿಸಿದ್ದು, ಸೈಲೆನ್ಸರಿನ ಕಾರ್ಬನ್ ತೆಗೆಸಿದ್ದು, ಬೋರ್ ಮಾಡಿಸಿದ್ದು, ಎಲ್ಲವನ್ನೂ ತಾರೀಖು ಮತ್ತು ಕಿಲೋಮೀಟರ್ ಸಮೇತ ಬರೆದಿಟ್ಟಿದ್ದಾರೆ. ಆ ಡೈರಿ ಮುಂದೆ ಎಷ್ಟು ಉಪಯೋಗಕ್ಕೆ ಬರಲಿದೆ ಎಂಬುದು ಗಾಡಿಯನ್ನು ಪೆಟ್ಟಿಗೆಗೆ ತುಂಬಿಸುವಾಗ ನನಗೆ ಹೊಳೆದಿರಲಿಲ್ಲ.

ಹಳೆಯ ಗಾಡಿಯೊಂದನ್ನು ಬೇರೆ ದೇಶದಿಂದ ತಂದು ಇಲ್ಲಿ ನೋಂದಾಯಿಸುವಾಗ ಎಲ್ಲ ಕಚೇರಿಗಳೂ ಬೇರೆ ಬೇರೆ ಮಾತುಗಳಲ್ಲಿ ಕೇಳುವುದು ಎರಡೇ ಪ್ರಶ್ನೆ: ಈ ಗಾಡಿ ಯಾವಾಗ ಹುಟ್ಟಿತು, ಮತ್ತು ಅಂದು ಹುಟ್ಟಿದ ಗಾಡಿಯೇ ಇದು ಎನ್ನುವುದಕ್ಕೆ ಆಧಾರವೇನು. ಬಣ್ಣ ಎಷ್ಟು ಚೆನ್ನಾಗಿದೆ, ಕ್ರೋಮ್ ಎಷ್ಟು ಮಿನುಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಊರಿನಿಂದ ಹಳೆಯ ಗಾಡಿ ತರಿಸುವ ಯೋಚನೆಯಲ್ಲಿರುವ ನಮ್ಮವರು ಬಹಳ ಜನ ಮೊದಲು ಗ್ಯಾರೇಜಿಗೆ ಕೊಟ್ಟು ಹೊಸದರಂತೆ ಮಾಡಿಸುತ್ತಾರೆ. ಆ ಭರದಲ್ಲಿ ಎಂಜಿನ್ ಬದಲಾಗಿರುತ್ತದೆ, ಇಲ್ಲವೇ ಚೌಕಟ್ಟಿನ ಮೇಲಿನ ಅಂಕಿಗಳು ಉಜ್ಜಿ ಹೋಗಿರುತ್ತವೆ. ದಯವಿಟ್ಟು ಹಾಗೆ ಮಾಡಿಸಬೇಡಿ.

ಈ ಮಾತಿನ ಬೆಲೆ ಮೊದಲು ತಿಳಿಯುವುದು ಸುಂಕ ಕಟ್ಟುವಾಗ. ಕನಿಷ್ಠ ಮೂವತ್ತು ವರ್ಷ ಹಳೆಯದಾದ, ಆ ಮಾದರಿಯ ಉತ್ಪಾದನೆ ನಿಂತುಹೋಗಿರುವ, ಚೌಕಟ್ಟು, ಸ್ಟಿಯರಿಂಗ್, ಬ್ರೇಕ್ ಮತ್ತು ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲ ಸ್ಥಿತಿಯಲ್ಲಿ ಉಳಿದಿರುವ ವಾಹನವನ್ನು ಬ್ರಿಟನ್ನಿನ ಸುಂಕದ ಪಟ್ಟಿಯಲ್ಲಿ ಸಂಗ್ರಹಯೋಗ್ಯ ವಸ್ತು ಎಂದು 9705 ಎಂಬ ಶೀರ್ಷಿಕೆಯ ಕೆಳಗೆ ಸೇರಿಸುತ್ತಾರೆ. ಹಾಗೆ ಸೇರಿದರೆ ಆಮದು ಸುಂಕ ಶೂನ್ಯ, ವ್ಯಾಟ್ ಶೇಕಡಾ 5 ಮಾತ್ರ. ಸೇರದಿದ್ದರೆ ಸಾಮಾನ್ಯ ಮೋಟಾರ್ ಸೈಕಲ್ಲಿನಂತೆ ಸುಂಕದ ಮೇಲೆ ಶೇಕಡಾ 20ರ ವ್ಯಾಟ್ ಬೀಳುತ್ತದೆ. ದೊಡ್ಡಪ್ಪನವರು ಗಾಡಿಯನ್ನು ನನಗೆ ಪ್ರೀತಿಯಿಂದ ಕೊಟ್ಟಿದ್ದರೂ ಕಾಗದದಲ್ಲಿ ಬೆಲೆ ನಮೂದಿಸಲೇಬೇಕು. ಅಂದಾಜು ಮಾಡಿಸಿದಾಗ 1500 ಪೌಂಡ್ ಎಂದು ಬಂತು. ಹಡಗಿನ ಬಾಡಿಗೆ ಮತ್ತು ವಿಮೆ ಸೇರಿ 2400 ಪೌಂಡ್ ಆಯಿತು. ಅದರ ಶೇಕಡಾ 5 ಎಂದರೆ 120 ಪೌಂಡ್, ಶೇಕಡಾ 20 ಎಂದರೆ 480 ಪೌಂಡ್.

ಸುಂಕದ ಕಾಗದಪತ್ರ ನೋಡಿಕೊಳ್ಳಲು ನಾನು ಗೊತ್ತುಮಾಡಿದ್ದ ಕ್ಲಿಯರಿಂಗ್ ಏಜೆಂಟ್ ಸಿದ್ಧಪಡಿಸಿದ ಮೊದಲ ಘೋಷಣಾಪತ್ರದಲ್ಲಿ ಗಾಡಿ ಸಾಮಾನ್ಯ ಬಳಸಿದ ಮೋಟಾರ್ ಸೈಕಲ್ ಎಂದೇ ನಮೂದಾಗಿತ್ತು. ಕರಡು ಪ್ರತಿಯನ್ನು ಒಮ್ಮೆ ನನಗೆ ತೋರಿಸಿ ಎಂದು ಮೊದಲೇ ಕೇಳಿಕೊಂಡಿದ್ದರಿಂದ ಅದು ಕಣ್ಣಿಗೆ ಬಿತ್ತು. ಎಂಜಿನ್ ಸಂಖ್ಯೆಯ ಫೋಟೊ, ಆರ್‌ಸಿ ಪುಸ್ತಕದ ಪ್ರತಿ, ಇದೇ ಎಂಜಿನ್ನನ್ನು ಎಷ್ಟು ಸಲ ಬಿಚ್ಚಿ ಕೂಡಿಸಿದ್ದಾರೆ ಎಂಬ ವಿವರವಿದ್ದ ಡೈರಿಯ ಪುಟಗಳು, ಇವನ್ನೆಲ್ಲ ಕಳುಹಿಸಿದ ಮೇಲೆ ತಿದ್ದುಪಡಿಯಾಯಿತು. ಘೋಷಣೆ ಸಲ್ಲಿಕೆಯಾಗುವ ಮೊದಲೇ ಓದಿ ನೋಡುವುದು ಸುಲಭ. ಹಣ ಕಟ್ಟಿದ ಮೇಲೆ ಮರಳಿ ಪಡೆಯಲು ಬೇರೆಯೇ ಅರ್ಜಿ ಹಾಕಿಕೊಂಡು ಕಾಯಬೇಕಾಗುತ್ತದೆ.

ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಬೀದಿಯ ಬಡಗಿ ಒಳ್ಳೆಯ ಹಲಸಿನ ಹಲಗೆಯಿಂದ ಮಾಡಿಕೊಡುತ್ತೇನೆಂದು ಪ್ರೀತಿಯಿಂದ ಮುಂದೆ ಬಂದಿದ್ದರು. ಆದರೆ ಗಡಿ ದಾಟುವ ಪೆಟ್ಟಿಗೆಯ ಮರವನ್ನು ಹುಳುಗಳಿಲ್ಲದಂತೆ ಶಾಖ ಕೊಟ್ಟು ಸಂಸ್ಕರಿಸಿ, ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದ ಮುದ್ರೆ ಒತ್ತಿರಬೇಕು. ಈ ಹಲಗೆಯ ಮೂಲೆಯಲ್ಲಿ ಸುಟ್ಟಂತೆ ಕಾಣುವ ಗುರುತು ಅದೇ. ಮಡ್‌ಗಾರ್ಡ್‌ಗಳ ಒಳಗಿನ ಮಣ್ಣನ್ನು ತೊಳೆದು, ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿಯ ತಂತಿ ಬಿಚ್ಚಿ ಕಳುಹಿಸಿದೆವು.

ಗಾಡಿ ಈ ದೇಶಕ್ಕೆ ಬಂದ 14 ದಿನಗಳೊಳಗೆ ಅದರ ಆಗಮನವನ್ನು ತೆರಿಗೆ ಇಲಾಖೆಗೆ ತಿಳಿಸಬೇಕು. ಈ ವ್ಯವಸ್ಥೆಗೆ ನೋವಾ ಎಂದು ಹೆಸರು. ತಡವಾದರೆ ದಿನಕ್ಕೆ 5 ಪೌಂಡ್ ದಂಡ ಬೀಳಬಹುದು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ನೋವಾದಲ್ಲಿ ದಾಖಲೆಯಾಗದ ವಾಹನವನ್ನು ಸ್ವಾನ್‌ಸಿಯಲ್ಲಿರುವ ಡಿವಿಎಲ್‌ಎ, ಅಂದರೆ ಇಲ್ಲಿನ ವಾಹನ ಮತ್ತು ಚಾಲನಾ ಪರವಾನಗಿಗಳ ಸಂಸ್ಥೆ, ನೋಂದಾಯಿಸುವುದೇ ಇಲ್ಲ. ನಾನು ಮೂರನೆಯ ದಿನವೇ ಆ ಕೆಲಸ ಮುಗಿಸಿದೆ.

ಇಲ್ಲಿ ಕ್ಯಾಮೆರಾವನ್ನು ಸ್ವಲ್ಪ ಹತ್ತಿರಕ್ಕೆ ಒಯ್ಯುತ್ತೇನೆ. ಹ್ಯಾಂಡಲ್ಲಿನ ಕೆಳಗೆ ಚೌಕಟ್ಟಿನ ಕುತ್ತಿಗೆಯ ಮೇಲೆ ಅಂಕಿಗಳು ಕಾಣುತ್ತಿವೆಯಲ್ಲ, ಇವು ಪೆಟ್ಟಿಗೆ ತೆರೆದ ದಿನ ಕಾಣುತ್ತಿರಲಿಲ್ಲ. ಎಂದೋ ಹೊಡೆಸಿದ ಎರಡು ಪದರ ಕಪ್ಪು ಬಣ್ಣದ ಕೆಳಗೆ ಮುಚ್ಚಿಹೋಗಿದ್ದವು. ಆರ್‌ಸಿ ಪುಸ್ತಕದಲ್ಲಿ ಕೈಬರಹದ ಒಂದು ಅಂಕಿಯನ್ನು ಒಂದು ಎಂದೂ ಓದಬಹುದಿತ್ತು, ಏಳು ಎಂದೂ ಓದಬಹುದಿತ್ತು. ಅರ್ಜಿಯಲ್ಲಿ ತಪ್ಪು ಅಂಕಿ ಬರೆದರೆ ಗಾಡಿಯ ಗುರುತೇ ಅನುಮಾನಕ್ಕೆ ಒಳಗಾಗುತ್ತದೆ. ಮರಳು ಕಾಗದ ಮುಟ್ಟಿಸದೆ, ಬಣ್ಣ ಕರಗಿಸುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ, ಮೆತ್ತನೆಯ ಬಟ್ಟೆಯಿಂದ ಒರೆಸುತ್ತ ಎರಡು ಸಂಜೆ ಕುಳಿತೆ. ಅಂಕಿ ಏಳು. ಊರಿನ ಆರ್‌ಟಿಒ ಕಚೇರಿಯ ಹೊರಗೆ ಏಜೆಂಟರು ಮಾಡುವಂತೆ, ತೆಳುವಾದ ಕಾಗದವನ್ನು ಅಂಕಿಗಳ ಮೇಲಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಪಡಿಯಚ್ಚು ತೆಗೆದೆ. ಆ ಕಾಗದವನ್ನೂ ಫೋಟೊಗಳನ್ನೂ ಅರ್ಜಿಯ ಜೊತೆಗಿಟ್ಟೆ.

ಆರ್‌ಸಿ ಪುಸ್ತಕದ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಪುಸ್ತಕದ ಮುಖಪುಟದಲ್ಲಿ ಅಚ್ಚಾಗಿರುವುದು ಮೈಸೂರು ರಾಜ್ಯ ಎಂದು. ಒಳಗಿನ ಪುಟದ ಮೊಹರಿನಲ್ಲಿರುವುದು ಕರ್ನಾಟಕ ಎಂದು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ಗಾಡಿ ನೋಂದಣಿಯಾದದ್ದು 1974ರ ನವೆಂಬರಿನಲ್ಲಿ. ಹಳೆಯ ಹೆಸರಿನಲ್ಲಿ ಅಚ್ಚಾದ ಪುಸ್ತಕಗಳು ಮುಗಿಯುವ ತನಕ ಕಚೇರಿಯವರು ಅವನ್ನೇ ಬಳಸಿದ್ದಾರೆ ಎಂಬುದು ನಮಗೆ ನೋಡಿದ ಕೂಡಲೇ ಅರ್ಥವಾಗುತ್ತದೆ, ಸ್ವಾನ್‌ಸಿಯ ಮೇಜಿನ ಮುಂದೆ ಕುಳಿತವರಿಗೆ ಅದು ಎರಡು ಬೇರೆ ರಾಜ್ಯಗಳ ಕಾಗದದಂತೆ ಕಾಣಬಹುದು. ಆದ್ದರಿಂದ ಕನ್ನಡದ ಮೊಹರುಗಳಿಗೂ ಬರಹಕ್ಕೂ ಅಧಿಕೃತ ಅನುವಾದಕರಿಂದ ಇಂಗ್ಲಿಷ್ ಅನುವಾದ ಮಾಡಿಸಿ, ರಾಜ್ಯದ ಹೆಸರು ಬದಲಾದ ಸಂಗತಿಯನ್ನು ವಿವರಿಸುವ ಒಂದು ಪುಟದ ಪತ್ರವನ್ನು ನಾನೇ ಬರೆದು ಲಗತ್ತಿಸಿದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಬರವಣಿಗೆ ಆ ಒಂದು ಪುಟ.

ಆದರೆ ನಿಯಮದ ಪುಟ ಓದುತ್ತಿದ್ದಾಗ ನಾನು ಅಳುಕಿ ನಿಂತ ಒಂದು ಸಾಲಿದೆ. ಗಾಡಿ ಯಾವಾಗ ತಯಾರಾಯಿತು ಎಂದು ತೋರಿಸುವ ವಿದೇಶಿ ನೋಂದಣಿ ಪತ್ರದ ಮೂಲ ಪ್ರತಿಯನ್ನೇ ಕಳುಹಿಸಬೇಕು, ಜೆರಾಕ್ಸ್ ನಡೆಯುವುದಿಲ್ಲ, ಮತ್ತು ಕಳುಹಿಸಿದ ಮೂಲ ಪ್ರತಿ ಹಿಂದಿರುಗುವುದಿಲ್ಲ. ಮೂಲ ಪತ್ರ ಇಲ್ಲದವರು ತಯಾರಕರಿಂದಲೋ, ಮಾನ್ಯತೆ ಪಡೆದ ಹಳೆಯ ವಾಹನಗಳ ಸಂಘದಿಂದಲೋ ತಯಾರಿಯ ವರ್ಷವನ್ನು ದೃಢಪಡಿಸುವ ಪತ್ರ ತರಿಸಬಹುದು. ಆದರೆ ನನ್ನ ಗಾಡಿಯ ಕಾರ್ಖಾನೆ ಮುಚ್ಚಿ ದಶಕಗಳಾಗಿವೆ, ಮೂಲ ಪುಸ್ತಕವಂತೂ ನನ್ನ ಕೈಯಲ್ಲೇ ಇದೆ. ಐವತ್ತು ವರ್ಷ ಬೀರುವಿನಲ್ಲಿ, ಬಟ್ಟೆಯ ಚೀಲದೊಳಗೆ ದೊಡ್ಡಪ್ಪನವರು ಕಾಪಾಡಿದ ಪುಸ್ತಕ ಅದು. ಒಂದು ವಾರ ಸುಮ್ಮನಿದ್ದು, ಕೊನೆಗೆ ಅವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗಾಡೀನೇ ಕಳಿಸಿಕೊಟ್ಟಿದ್ದೀನಲ್ಲಪ್ಪ, ಪುಸ್ತಕ ಇಟ್ಕೊಂಡು ನಾನೇನು ಮಾಡ್ಲಿ? ಕಳಿಸು. ಆದ್ರೆ ಒಂದೊಂದು ಪುಟದ್ದೂ ಫೋಟೊ ತೆಗೆದು, ಪ್ರಿಂಟ್ ಹಾಕಿಸಿ ನನಗೊಂದು ಪ್ರತಿ ಕಳಿಸು," ಎಂದರು. ಹಾಗೆಯೇ ಮಾಡಿದೆ. ಈಗ ನೀವು ನೋಡುತ್ತಿರುವುದು ಆ ಚಿತ್ರಗಳನ್ನು. ಮೊದಲ ಪುಟದಲ್ಲಿ ದೊಡ್ಡಪ್ಪನವರ ಯೌವನದ ಸಹಿ ಇದೆ. ಇಂದಿನ ಸಹಿಗಿಂತ ಎಷ್ಟೋ ನೇರವಾಗಿದೆ. ಕಳುಹಿಸುವ ಮೊದಲು ನೀವೂ ಪ್ರತಿ ಪುಟವನ್ನು, ಖಾಲಿ ಪುಟಗಳನ್ನೂ ಬಿಡದೆ, ಸ್ಕ್ಯಾನ್ ಮಾಡಿಸಿಕೊಳ್ಳಿ.

ಬಳಸಿದ ವಾಹನದ ಮೊದಲ ನೋಂದಣಿಗೆ ತುಂಬಬೇಕಾದ ಅರ್ಜಿ ವಿ55/5. ಅದನ್ನು ಹೇಗೆ ತುಂಬಬೇಕೆಂದು ತಿಳಿಸುವ ಕೈಪಿಡಿ ವಿ355/5. ಅದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಪೆನ್ನು ಎತ್ತಬೇಡಿ. ಶುಲ್ಕ 55 ಪೌಂಡ್. ಹತ್ತು ವರ್ಷ ದಾಟಿದ ಮೋಟಾರ್ ಸೈಕಲ್ಲಿಗೆ ಮಾದರಿ ಅನುಮೋದನೆಯ, ಅಂದರೆ ಗಾಡಿ ಇಲ್ಲಿನ ತಾಂತ್ರಿಕ ನಿಯಮಗಳಿಗೆ ಹೊಂದುತ್ತದೆ ಎಂಬುದರ, ಪುರಾವೆ ಬೇಕಿಲ್ಲ. ನಲವತ್ತು ವರ್ಷ ದಾಟಿದ ಗಾಡಿಯನ್ನು ಹಿಸ್ಟಾರಿಕ್ ವರ್ಗಕ್ಕೆ ಸೇರಿಸುವಂತೆ ಕೇಳಬಹುದು. ಆಗ ರಸ್ತೆ ತೆರಿಗೆ ಶೂನ್ಯ, ಆದರೂ ಪ್ರತಿ ವರ್ಷ ಶೂನ್ಯ ಮೊತ್ತದ ತೆರಿಗೆಯನ್ನು ದಾಖಲು ಮಾಡಿಸುತ್ತಲೇ ಇರಬೇಕು. ಲಂಡನ್ನಿನ ಮಾಲಿನ್ಯ ವಲಯದ ಶುಲ್ಕವೂ ಈ ವರ್ಗದ ಗಾಡಿಗಳಿಗಿಲ್ಲ. ನಾನು ನನ್ನ ಚಾಲನಾ ಪರವಾನಗಿಯ ಪ್ರತಿ, ಗಾಡಿಯ ನಾಲ್ಕು ಕಡೆಯ ಫೋಟೊ ಮತ್ತು ಆ ಪುಸ್ತಕವನ್ನು ಒಂದೇ ಲಕೋಟೆಯಲ್ಲಿಟ್ಟು, ಸಹಿ ಪಡೆದು ತಲುಪಿಸುವ ಅಂಚೆಯಲ್ಲಿ ಕಳುಹಿಸಿದೆ.

ನಲವತ್ತು ವರ್ಷ ದಾಟಿದ, ಹೆಚ್ಚಿನ ಬದಲಾವಣೆಯಾಗದ ಗಾಡಿಗಳಿಗೆ 2018ರ ಮೇ ತಿಂಗಳಿನಿಂದ ಎಂಒಟಿ ಎಂಬ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಆದರೂ ನಾನು ಮಾಡಿಸಿದೆ, ನೀವೂ ಮಾಡಿಸಿರಿ ಎಂದೇ ಹೇಳುತ್ತೇನೆ. ತಿಂಗಳುಗಟ್ಟಲೆ ಉಪ್ಪುಗಾಳಿಯಲ್ಲಿದ್ದು ಬಂದ ಗಾಡಿಯ ಬ್ರೇಕನ್ನು ಇನ್ನೊಬ್ಬ ತಿಳಿದವರ ಕಣ್ಣು ನೋಡಬೇಕು. ನಂಬರು ಬರುವ ಮೊದಲೇ ಚೌಕಟ್ಟಿನ ಸಂಖ್ಯೆಯ ಮೇಲೆ ತಪಾಸಣೆ ಮಾಡುತ್ತಾರೆ, ವಿಮೆಯನ್ನೂ ಅದೇ ಸಂಖ್ಯೆಯ ಮೇಲೆ ಕೊಡುತ್ತಾರೆ. ತಪಾಸಣೆಯವರು ಗಾಡಿಯ ಸುತ್ತ ಒಂದು ಸುತ್ತು ಬಂದು ಗೇರಿನ ಲಿವರ್ ಎಡಗಡೆ ಇದೆ, ಕಿಕ್ಕರ್ ಎಲ್ಲಿದೆ ಎಂದು ಕೇಳಿದರು. ಅದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ, ಗಾಡಿ ಚಾಲೂ ಆದ ಮೇಲೆ ಮತ್ತೆ ಮುಂದಕ್ಕೆ ಇಳಿಸಿದರೆ ಗೇರ್ ಆಗುತ್ತದೆ ಎಂದು ತೋರಿಸಿದೆ. ಅವರು ಸ್ವತಃ ಮೂರು ಸಲ ಮಾಡಿ ನೋಡಿದರು. 1986ರ ಆಗಸ್ಟಿಗಿಂತ ಹಿಂದಿನ ಬೈಕಾದ್ದರಿಂದ ಇಂಡಿಕೇಟರ್ ಇಲ್ಲದಿರುವುದು ದೋಷವಲ್ಲ. ಭಾರತದಲ್ಲೂ ಇಲ್ಲಿಯೂ ರಸ್ತೆಯ ಎಡಗಡೆಯಲ್ಲೇ ಓಡಿಸುವುದರಿಂದ ಹೆಡ್‌ಲೈಟಿನ ಬೆಳಕು ಬೀಳುವ ದಿಕ್ಕೂ ಸರಿಯಾಗಿತ್ತು. ಯುರೋಪಿನಿಂದ ತರುವವರಿಗೆ ಈ ಅನುಕೂಲವಿಲ್ಲ. ಹಿಂದಿನ ಬ್ರೇಕಿನ ಲೈನರ್ ಮಾತ್ರ ಬದಲಿಸಬೇಕಾಯಿತು. ಮೀಟರ್ ಕಿಲೋಮೀಟರಿನಲ್ಲಿದೆ, ಇಲ್ಲಿನ ಫಲಕಗಳು ಮೈಲಿಯಲ್ಲಿ. ಗಾಜಿನ ಮೇಲೆ 48, 64, 80 ಮತ್ತು 97ರ ಎದುರಿಗೆ ಸಣ್ಣ ಬಿಳಿ ಚುಕ್ಕಿಗಳನ್ನಿಟ್ಟಿದ್ದೇನೆ. ಅವು ಕ್ರಮವಾಗಿ ಮೂವತ್ತು, ನಲವತ್ತು, ಐವತ್ತು ಮತ್ತು ಅರವತ್ತು ಮೈಲಿಗಳು.

ಉತ್ತರಕ್ಕೆ ಆರು ವಾರ ಕಾಯಬೇಕಾಗಬಹುದು ಎಂದು ಹೇಳಿರುತ್ತಾರೆ. ಐದನೆಯ ವಾರ ಅಂಚೆಯಲ್ಲಿ ವಿ5ಸಿ, ಅಂದರೆ ಇಲ್ಲಿನ ಆರ್‌ಸಿ, ಬಂತು. ನಾನು ಲಕೋಟೆ ಒಡೆದು ಮೊದಲು ನೋಡಿದ್ದು ನಂಬರಿನ ಕೊನೆಯ ಅಕ್ಷರವನ್ನು. ಬ್ರಿಟನ್ನಿನಲ್ಲಿ 1963ರಿಂದ 1983ರವರೆಗೆ ನಂಬರಿನ ಕೊನೆಯ ಅಕ್ಷರ ನೋಂದಣಿಯ ವರ್ಷವನ್ನು ಸೂಚಿಸುತ್ತಿತ್ತು. 1974ರ ಆಗಸ್ಟಿನಿಂದ 1975ರ ಜುಲೈವರೆಗಿನದು ಎನ್. ವಯಸ್ಸಿಗೆ ಪುರಾವೆಯಿರುವ ಆಮದು ಗಾಡಿಗೆ ಆ ಕಾಲಕ್ಕೆ ಹೊಂದುವ ನಂಬರನ್ನೇ ಕೊಡುತ್ತಾರೆ, ಅದನ್ನು ಬೇರೆ ಗಾಡಿಗೆ ವರ್ಗಾಯಿಸಲು ಬಿಡುವುದಿಲ್ಲ. ವಯಸ್ಸೋ ಗುರುತೋ ಸಾಬೀತಾಗದಿದ್ದರೆ ಕ್ಯೂ ಅಕ್ಷರದ ನಂಬರು ಬರುತ್ತದೆ, ಅದು ಗಾಡಿಯ ಮೇಲೆ ಉಳಿದುಬಿಡುವ ಅನುಮಾನದ ಗುರುತು. ನನ್ನ ಕಾಗದದಲ್ಲಿದ್ದ ಕೊನೆಯ ಅಕ್ಷರ ಎನ್. ನಾನು ಅಡಿಗೆಮನೆಯಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿದೆ.

ನಂಬರ್ ಪ್ಲೇಟನ್ನು ನೋಂದಾಯಿತ ಅಂಗಡಿಯವರೇ ಮಾಡಬೇಕು. ಅವರಿಗೆ ವಿ5ಸಿಯನ್ನೂ ಗುರುತಿನ ಚೀಟಿಯನ್ನೂ ತೋರಿಸಬೇಕು. 1980ರ ಜನವರಿ 1ಕ್ಕಿಂತ ಮೊದಲು ತಯಾರಾಗಿ ಹಿಸ್ಟಾರಿಕ್ ವರ್ಗದಲ್ಲಿರುವ ಗಾಡಿಗೆ ಕಪ್ಪು ಹಲಗೆಯ ಮೇಲೆ ಬೆಳ್ಳಿಯ ಬಣ್ಣದ ಅಕ್ಷರಗಳ ಹಳೆಯ ಶೈಲಿಯ ಪ್ಲೇಟ್ ಹಾಕಲು ಅವಕಾಶವಿದೆ. ಬೈಕಿನ ಪ್ಲೇಟಿನಲ್ಲಿ ಅಕ್ಷರದ ಎತ್ತರ 64 ಮಿಲಿಮೀಟರ್ ಇರಬೇಕು, ಹಿಂದೆ ಒಂದೇ ಪ್ಲೇಟ್ ಸಾಕು. ಮುಂದಿನ ಮಡ್‌ಗಾರ್ಡಿನ ಮೇಲಿರುವ ಮೈಸೂರಿನ ಹಳೆಯ ನಂಬರನ್ನು ಬಿಚ್ಚಿ ಗೋಡೆಗೆ ನೇತುಹಾಕಿದ್ದೇನೆ. ರಸ್ತೆಯಲ್ಲಿ ಎರಡು ನಂಬರುಗಳಿದ್ದರೆ ಗೊಂದಲ.

ಇದು ಮೊದಲ ಸವಾರಿಯ ದಿನ ಬೆಳಿಗ್ಗೆ. ಇಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಇರುತ್ತದೆ, ಅದು ಹಳೆಯ ಟ್ಯಾಂಕಿಗೂ ರಬ್ಬರಿಗೂ ಒಳ್ಳೆಯದಲ್ಲ. ಹಾಗಾಗಿ ಕಡಿಮೆ ಎಥೆನಾಲ್ ಇರುವ ಸೂಪರ್ ಪೆಟ್ರೋಲ್ ಹಾಕಿಸಿ, ಇದು ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಅಳತೆಯ ಲೋಟದಲ್ಲಿ ಎಣ್ಣೆ ಬೆರೆಸುತ್ತಿದ್ದೇನೆ. ದೊಡ್ಡಪ್ಪನವರು ವಿಡಿಯೊ ಕರೆಯಲ್ಲಿದ್ದಾರೆ. ಎರಡನೆಯ ಕಿಕ್ಕಿಗೆ ಚಾಲೂ ಆಯಿತು, ಕೇಳಿಸಿತಲ್ಲ. ಹನ್ನೊಂದು ಮೈಲಿ ಹೋಗಿ ಬಂದ ಮೇಲೆ ಅವರ ಡೈರಿಯನ್ನು ತೆರೆದು, ಅವರ ಕೈಬರಹದ ಕೊನೆಯ ಸಾಲಿನ ಕೆಳಗೆ ತಾರೀಖು, ಮೀಟರಿನ ಕಿಲೋಮೀಟರ್, "ಹಿಂದಿನ ಬ್ರೇಕ್ ಲೈನರ್ ಹೊಸದು" ಎಂಬ ಮಾತು ಮತ್ತು ಹೊಸ ನಂಬರನ್ನು ಬರೆದೆ. "ನಂಬರ್ ಇನ್ನೊಂದ್ಸಲ ಹೇಳು, ನಾನೂ ಬರ್ಕೊಳ್ತೀನಿ," ಎಂದರು ದೊಡ್ಡಪ್ಪ.